ಹಲಸಿನ ದಾರಂದದಲ್ಲಿ ಎಲೆಕ್ಟ್ರಿಕ್ ಗಿಟಾರ್

ಲಂಡನ್ನಿನ ಪಶ್ಚಿಮಕ್ಕೆ ಫೆಲ್ಥಮ್ ಅಂತ ಒಂದು ಬಡಾವಣೆ. 1963ರಲ್ಲಿ ಅಲ್ಲಿದ್ದ ಹದಿನಾರು ವರ್ಷದ ಹುಡುಗನಿಗೆ ಎಲೆಕ್ಟ್ರಿಕ್ ಗಿಟಾರ್ ಬೇಕಿತ್ತು. ಅಮೆರಿಕದಿಂದ ಬರುತ್ತಿದ್ದ ಗಿಟಾರ್ ಕೊಳ್ಳುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಅಪ್ಪ ಎಲೆಕ್ಟ್ರಾನಿಕ್ಸ್ ಬಲ್ಲವರು, ಮನೆಯ ರೇಡಿಯೊ, ಟಿವಿ ಎಲ್ಲ ಅವರದೇ ಕೈಚಳಕ. ‘ಕೊಳ್ಳೋಕಾಗಲ್ಲ, ಮಾಡೋಣ’ ಅಂತ ಅಪ್ಪ-ಮಗ ಇಬ್ಬರೂ ಕೂತರು. ಪರಿಚಯದವರ ಮನೆಯಲ್ಲಿ ಕಿತ್ತುಹಾಕಿದ್ದ ಹಳೇ ಅಗ್ಗಿಷ್ಟಿಕೆಯ ಮಹಾಗನಿ ಮರ ಗಿಟಾರಿನ ಕತ್ತಾಯಿತು. ಅದರಲ್ಲಿ ಹುಳು ಕೊರೆದ ತೂತುಗಳಿದ್ದವು, ಅವಕ್ಕೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಹಳೇ ಮೇಜಿನ ಓಕ್ ಮರ ಒಡಲಿನೊಳಗೆ ಸೇರಿತು. ತಂತಿಗಳ ಎಳೆತಕ್ಕೆ ಎದುರಾಗಿ ನಿಲ್ಲಲು ಹಳೇ ಮೋಟಾರ್‌ಸೈಕಲ್‌ನ ವಾಲ್ವ್ ಸ್ಪ್ರಿಂಗ್. ಸ್ವರ ನಡುಗಿಸುವ ಸರಳಿನ ತುದಿಗೆ ಅಮ್ಮನ ಹೆಣಿಗೆ ಕಡ್ಡಿಯ ತುಂಡು. ಕತ್ತಿನ ಮೇಲಿನ ಬಿಳಿ ಚುಕ್ಕಿಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಚಿಪ್ಪಿನ ಗುಂಡಿಗಳು. ಎರಡು ವರ್ಷ ಹಿಡಿಯಿತು.

ಆ ಹುಡುಗ ಬ್ರಯಾನ್ ಮೇ. ಆಮೇಲೆ ಕ್ವೀನ್ ಬ್ಯಾಂಡ್‌ನ ಗಿಟಾರ್ ವಾದಕ. (ಅದೇ ಬ್ಯಾಂಡ್‌ನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯಲ್ಲಿ ಶಾಲೆ ಓದಿದವನು.) 2002ರಲ್ಲಿ ಬ್ರಿಟನ್ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ತಾರಸಿ ಮೇಲೆ ನಿಂತು ಬ್ರಯಾನ್ ನುಡಿಸಿದ್ದೂ ಅದೇ ಮನೆಯಲ್ಲಿ ಮಾಡಿದ ಗಿಟಾರನ್ನು. ‘ರೆಡ್ ಸ್ಪೆಷಲ್’ ಅಂತ ಅದರ ಹೆಸರು.

ಈ ಕಥೆಯಲ್ಲಿ ನನಗೆ ಅಂಟಿಕೊಂಡಿದ್ದು ಇನ್ನೊಂದು ಭಾಗ. ಎರಡು ವರ್ಷ ಮಗನ ಜೊತೆ ಮರ ಕೆತ್ತಿದ ಅಪ್ಪ, ಮಗ ಭೌತವಿಜ್ಞಾನದ ಪಿಎಚ್‌.ಡಿ. ನಡುವೆ ಬಿಟ್ಟು ಅದೇ ಗಿಟಾರ್ ಹಿಡಿದು ಹೊರಟಾಗ ಒಪ್ಪಲಿಲ್ಲ. ಅಷ್ಟು ಓದಿಸಿದ್ದು ಇದಕ್ಕಾ ಎಂಬ ಸಂಕಟ. ಬ್ರಯಾನ್ ಆ ಪಿಎಚ್‌.ಡಿ.ಯನ್ನು ಮುಗಿಸಿದ್ದು 2007ರಲ್ಲಿ, ಅರವತ್ತರ ವಯಸ್ಸಿನಲ್ಲಿ. ಗಿಟಾರ್ ಮಾಡುವುದಕ್ಕೆ ಅಡ್ಡಿಯಿಲ್ಲ, ಗಿಟಾರ್ ಹಿಡಿದು ಹೋಗುವುದಕ್ಕೆ ಅಡ್ಡಿ. ನಮ್ಮ ಮನೆಗಳ ಲೆಕ್ಕಾಚಾರಕ್ಕೂ ಇದಕ್ಕೂ ಏನೇನೂ ವ್ಯತ್ಯಾಸ ಇಲ್ಲ ಅನ್ನಿಸಿತು.

ನಾನು ಹೊರಟಿದ್ದು ಎಲ್ಲಿಗೂ ಅಲ್ಲ. ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಐದನೇ ಸೆಮಿಸ್ಟರ್. ರಜೆಯಲ್ಲಿ ಊರಿಗೆ ಹೋದಾಗ ರಸ್ತೆ ಅಗಲೀಕರಣಕ್ಕೆ ಅಜ್ಜನ ಕಾಲದ ಮನೆಯ ಮುಂಭಾಗ ಬಿದ್ದಿತ್ತು. ಮರದ ವ್ಯಾಪಾರಿ ಬಂದು ಕಂಬ, ತೊಲೆ, ಕಿಟಕಿ ಎಲ್ಲಕ್ಕೂ ದರ ಕಟ್ಟಿ ಲಾರಿಗೆ ಏರಿಸುತ್ತಿದ್ದ. ನಡುಮನೆಯ ಹಲಸಿನ ದಾರಂದ, ಒಂದು ಸಾಗುವಾನಿ ಕಿಟಕಿ ಚೌಕಟ್ಟು, ಮುರಿದ ಬೀಟೆ ಮಂಚದ ಒಂದು ಪಟ್ಟಿ - ಇಷ್ಟನ್ನು ನಾನು ಕೇಳಿದೆ. ‘ಎಂತಕ್ಕೆ?’ ಅಂದರು ಅಪ್ಪ. ಗಿಟಾರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ವ್ಯಾಪಾರಿಗೆ ಹೇಳಿದರು: ‘ಅದೊಂದಿಷ್ಟು ಇರ್ಲಿ ಬಿಡಿ.’ ಆ ಮೂರು ತುಂಡಿಗೆ ವ್ಯಾಪಾರಿ ಎಷ್ಟು ಹೇಳಿದ್ದ ಅಂತ ನನಗೆ ಗೊತ್ತು. ನನ್ನ ಒಂದು ಸೆಮಿಸ್ಟರಿನ ಹಾಸ್ಟೆಲ್ ಮೆಸ್ ಬಿಲ್ಲಿಗಿಂತ ಹೆಚ್ಚು. ಹಾಗಾಗಿ ಮುಂದಿನ ಏಳು ತಿಂಗಳು ಪ್ರತಿ ಗರಗಸದ ಎಳೆತಕ್ಕೂ ಕೈ ಸ್ವಲ್ಪ ನಡುಗುತ್ತಿತ್ತು. ಹೋದರೆ ಇನ್ನೊಂದು ತುಂಡು ಇಲ್ಲ.

ಹೊಟ್ಟೆಯಿಲ್ಲದ ವಾದ್ಯ

ಮರಗೆಲಸಕ್ಕೆ ಹೋಗಿದ್ದು ಊರಿನ ಆಚಾರ್ರ ಕೊಟ್ಟಿಗೆಗೆ. ನನ್ನ ಡ್ರಾಯಿಂಗ್ ತಿರುಗಿಸಿ ತಿರುಗಿಸಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: ‘ಹೊಟ್ಟೆ ಟೊಳ್ಳು ಮಾಡ್ದಿದ್ರೆ ನಾದ ಎಲ್ಲಿಂದ ಬರ್ತದೆ ಮಾರಾಯಾ?’

ಕೇಳಬೇಕಾದ ಪ್ರಶ್ನೆಯೇ. ವೀಣೆಗೆ ಕೊಡ ಇದೆ, ತಂಬೂರಿಗೆ ಬುರುಡೆ ಇದೆ, ಮಾಮೂಲಿ ಗಿಟಾರಿಗೆ ಡಬ್ಬಿಯಂಥ ಹೊಟ್ಟೆ ಇದೆ. ತಂತಿಯ ಕಂಪನವನ್ನು ಗಾಳಿಗೆ ದಾಟಿಸುವುದು ಆ ಟೊಳ್ಳು. ಅಮೆರಿಕದಲ್ಲಿ 1930ರ ದಶಕದಲ್ಲಿ ದೊಡ್ಡ ವಾದ್ಯಮೇಳಗಳ ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಧ್ವನಿವರ್ಧಕ ಜೋಡಿಸಿದರೆ ಸ್ಪೀಕರಿನ ಸದ್ದಿಗೆ ಗಿಟಾರಿನ ಹೊಟ್ಟೆಯೇ ನಡುಗಿ, ಆ ನಡುಕ ಮತ್ತೆ ಸ್ಪೀಕರಿಗೆ ಹೋಗಿ ಕುಯ್ಯೋ ಎಂಬ ಕೂಗು. ಕಾಲೇಜು ಫಂಕ್ಷನ್ನಿನಲ್ಲಿ ಮೈಕನ್ನು ಸ್ಪೀಕರ್ ಎದುರು ಹಿಡಿದಾಗ ಬರುವುದೂ ಅದೇ ಕೂಗು. ಹೊಟ್ಟೆಯನ್ನೇ ತೆಗೆದುಬಿಟ್ಟರೆ? ಲೆಸ್ ಪೌಲ್ ಎಂಬ ವಾದಕ 1940ರ ಸುಮಾರಿಗೆ ನಾಲ್ಕಿಂಚು ಚೌಕದ ಒಂದು ಪೈನ್ ತೊಲೆಗೆ ತಂತಿ ಕಟ್ಟಿ ನುಡಿಸಿದ. ಅದಕ್ಕೆ ‘ಲಾಗ್’ ಅಂದರೆ ದಿಮ್ಮಿ ಅಂತಲೇ ಹೆಸರು. ನೋಡಲು ವಿಕಾರ ಅಂತ ಆಮೇಲೆ ಒಂದು ಗಿಟಾರನ್ನು ಸೀಳಿ ಅದರ ಎರಡು ಪಕ್ಕೆಗಳನ್ನು ದಿಮ್ಮಿಯ ಅಕ್ಕಪಕ್ಕ ಅಂಟಿಸಿದ, ಶೋಗೆ.

ಇದನ್ನು ಕಾರ್ಖಾನೆ ಮಾಲು ಮಾಡಿದವನು ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಬಹುಶಃ ಅದಕ್ಕೇ ಅವನಿಗೆ ಸಂಪ್ರದಾಯದ ಭಯವೂ ಇರಲಿಲ್ಲ. ಒಡಲು ಒಂದು ಹಲಗೆ, ಕತ್ತು ಇನ್ನೊಂದು, ಎರಡನ್ನೂ ನಾಲ್ಕು ಸ್ಕ್ರೂನಲ್ಲಿ ಬಿಗಿ. ಕತ್ತು ಹಾಳಾದರೆ ಬಿಚ್ಚು, ಬೇರೆ ಹಾಕು. 1954ರಲ್ಲಿ ಬಂದ ಅವನ ಸ್ಟ್ರಾಟೊಕಾಸ್ಟರ್ ಇವತ್ತಿಗೂ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ಮಾರಾಟವಾಗುತ್ತಿದೆ. ಮನೆಯಲ್ಲಿ ಮಾಡುವವರಿಗೆ ಅವನ ದಾರಿಯೇ ಒಳ್ಳೆಯದು.

ಆಚಾರ್ರಿಗೆ ಇಷ್ಟೆಲ್ಲ ಹೇಳಿದ ಮೇಲೂ ನಂಬಿಕೆ ಬರಲಿಲ್ಲ. ಆದರೆ ಮರ ನೋಡಿ ಖುಷಿಪಟ್ಟರು. ‘ಹಲಸು ಅಂದ್ರೆ ವೀಣೆ ಮರ, ಬಿಡು. ಏನಾದ್ರೂ ಹಾಡ್ತದೆ’ ಅಂದರು. ನಿಜ, ಕರ್ನಾಟಕದಲ್ಲಿ ವೀಣೆಗೆ ಹಲಸೇ ಹೆಚ್ಚು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ಎಂಬ ಊರೇ ಹಲಸಿನ ವೀಣೆ ಮಾಡುವುದಕ್ಕೆ ಹೆಸರಾದದ್ದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರದ ಜಾತಿ ಸದ್ದಿಗೆ ಎಷ್ಟು ಮುಖ್ಯ ಎಂಬುದರ ಮೇಲೆ ಗಿಟಾರ್ ಪ್ರಿಯರು ಜಗಳವಾಡುತ್ತಲೇ ಇರುತ್ತಾರೆ. ನನ್ನ ಕಿವಿಗೆ ಕೇಳಿಸುವಷ್ಟಂತೂ ಇಲ್ಲ. ನಾನು ಮರ ಆರಿಸಿದ್ದು ಬೇರೆ ಕಾರಣಕ್ಕೆ: ಅರವತ್ತು ವರ್ಷ ಮನೆಯೊಳಗೆ ಒಣಗಿದ ಮರ ಇನ್ನು ಸೊಟ್ಟಗಾಗುವುದು ಕಡಿಮೆ. ಹೊಸ ಮರ ತಂದರೆ ಒಂದೇ ಬೇಸಿಗೆಯಲ್ಲಿ ಬಾಗುತ್ತದೆ.

ಹಳೇ ಮರದಲ್ಲಿ ಒಂದು ಅಪಾಯ ಇದೆ, ಮೊಳೆ. ಒಳಗೆ ಮುರಿದು ಉಳಿದ ಒಂದು ಮೊಳೆ ಸಾಕು, ಪ್ಲೇನರ್ ಬ್ಲೇಡ್ ಹಲ್ಲು ಕಿತ್ತುಹೋಗುತ್ತದೆ. ಪಿಕಪ್‌ಗೆ ತರಿಸಿದ್ದ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ದಾರಂದದ ಉದ್ದಕ್ಕೂ ಇಳಿಬಿಟ್ಟೆವು. ಅದು ಹನ್ನೊಂದು ಕಡೆ ವಾಲಿತು. ಹನ್ನೊಂದೂ ಕಿತ್ತ ಮೇಲೆಯೇ ಆಚಾರ್ರು ಯಂತ್ರ ಶುರು ಮಾಡಿದ್ದು. ದಾರಂದವನ್ನು ಮೂರು ಭಾಗ ಮಾಡಿ ಪಕ್ಕಪಕ್ಕ ಅಂಟಿಸಿದರೆ ಮೂವತ್ಮೂರು ಸೆಂಟಿಮೀಟರ್ ಅಗಲ, ನಾಲ್ಕೂವರೆ ಸೆಂಟಿಮೀಟರ್ ದಪ್ಪದ ಹಲಗೆ ಸಿಕ್ಕಿತು. ಬಣ್ಣ ಅರಿಸಿನದಂತೆ. ಕೀಲು ಕೂರಿಸಿದ್ದ ಜಾಗದ ಕಪ್ಪು ಕಲೆ ಮಾತ್ರ ಉಳಿಯಿತು, ಅದನ್ನು ನಾನು ಮುಚ್ಚಲಿಲ್ಲ.

36.37

ಗಿಟಾರ್ ಮಾಡುವುದರಲ್ಲಿ ಅತಿ ಕಷ್ಟದ ಕೆಲಸ ಯಾವುದು ಅಂತ ಕೇಳಿದರೆ ಎಲ್ಲರೂ ಆಕಾರ ಕೊರೆಯುವುದು ಅಂದುಕೊಳ್ಳುತ್ತಾರೆ. ಅದು ಅರ್ಧ ದಿನದ ಕೆಲಸ. ಕಷ್ಟ ಇರುವುದು ಕತ್ತಿನ ಮೇಲಿನ ಮೆಟ್ಟಿಲುಗಳಲ್ಲಿ. ಗಿಟಾರಿನವರು ಫ್ರೆಟ್ ಅನ್ನುತ್ತಾರೆ.

ವೀಣೆಯಲ್ಲಿ 24 ಮೆಟ್ಟಿಲು ಇರುತ್ತವೆ, ಅವನ್ನು ಮೇಣದ ಮೇಲೆ ಕೂರಿಸುತ್ತಾರೆ. ಸ್ವರ ಸರಿಯಿಲ್ಲದಿದ್ದರೆ ಮೇಣ ಬಿಸಿ ಮಾಡಿ ಮೆಟ್ಟಿಲನ್ನು ಆಚೀಚೆ ಸರಿಸಬಹುದು. ಗಿಟಾರಿನಲ್ಲಿ ಆ ದಯೆ ಇಲ್ಲ. ಮರದಲ್ಲಿ ಸೀಳು ಕೊರೆದು, ಲೋಹದ ಪಟ್ಟಿಯನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಮುಗಿಯಿತು. ಎಲ್ಲಿ ಕೊರೆಯಬೇಕು ಎಂಬುದೇ ಪ್ರಶ್ನೆ.

ಸಪ್ತಕದಲ್ಲಿ ಹನ್ನೆರಡು ಸ್ವರಸ್ಥಾನ. ತಂತಿಯನ್ನು ಸರಿಯಾಗಿ ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ. ಆ ಹನ್ನೆರಡು ಹೆಜ್ಜೆಗಳೂ ಒಂದೇ ಅನುಪಾತದಲ್ಲಿರಬೇಕು, ಹನ್ನೆರಡು ಸಲ ಗುಣಿಸಿದರೆ ಎರಡು ಬರಬೇಕು. ಅಂದರೆ ಎರಡರ ಹನ್ನೆರಡನೇ ಮೂಲ, 1.05946. ಪಿಯುಸಿಯಲ್ಲಿ ಗುಣೋತ್ತರ ಶ್ರೇಢಿ ಓದುವಾಗ ‘ಇದು ಯಾವ ಕೆಲಸಕ್ಕೆ ಬರುತ್ತೆ ಸಾರ್’ ಅಂತ ಕೇಳುವವರು ಇರುತ್ತಾರಲ್ಲ, ಅವರಿಗೆ ಉತ್ತರ ಇಲ್ಲಿದೆ. ಲೆಕ್ಕ ಸುಲಭ: ಉಳಿದ ತಂತಿಯ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿ ಬಂದಷ್ಟು ಮುಂದಕ್ಕೆ ಹೋಗಿ ಗೆರೆ ಹಾಕುವುದು. ಗೆಲಿಲಿಯೊನ ಅಪ್ಪ ವಿನ್ಸೆಂಜೊ ಗೆಲಿಲಿ ಸಂಗೀತಗಾರ. ಅವನು 1581ರಲ್ಲಿ ಬರೆದ ಪುಸ್ತಕದಲ್ಲಿ 18ರಿಂದ ಭಾಗಿಸಿ ಅಂತ ಹೇಳಿದ್ದ. ಬಾಯಲ್ಲೇ ಮಾಡಬಹುದಾದ ಲೆಕ್ಕ. ಆದರೆ ನನ್ನ ಅಳತೆಯ ತಂತಿಗೆ 18 ಹಾಕಿದರೆ ಹನ್ನೆರಡನೇ ಮೆಟ್ಟಿಲು ನಟ್ಟನಡುವಿಗೆ 2.4 ಮಿ.ಮೀ. ಮೊದಲೇ ಬಂದುಬಿಡುತ್ತದೆ.

ನನ್ನ ತಂತಿಯ ಉದ್ದ 648 ಮಿ.ಮೀ., ಫೆಂಡರ್ ಗಿಟಾರುಗಳ 25.5 ಇಂಚಿನ ಅಳತೆ. ಮೊದಲ ಮೆಟ್ಟಿಲು 36.37 ಮಿ.ಮೀ.ಗೆ. ಹನ್ನೆರಡನೆಯದು ಸರಿಯಾಗಿ 324ಕ್ಕೆ. 21ಕ್ಕೂ 22ಕ್ಕೂ ನಡುವಿನ ಜಾಗ ಬರೀ 10.8 ಮಿ.ಮೀ. ಗೆರೆ ಅರ್ಧ ಮಿಲಿಮೀಟರ್ ತಪ್ಪಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿದ್ದೆ. ಸ್ವರದ ವ್ಯತ್ಯಾಸ ಅಳೆಯಲು ಸೆಂಟ್ ಎಂಬ ಮಾನ ಇದೆ, ಒಂದು ಸ್ವರಸ್ಥಾನಕ್ಕೆ ನೂರು ಸೆಂಟ್. ಮೊದಲ ಮೆಟ್ಟಿಲಲ್ಲಿ ಅರ್ಧ ಮಿಲಿಮೀಟರಿಗೆ ಒಂದೂವರೆ ಸೆಂಟಿನಷ್ಟೂ ವ್ಯತ್ಯಾಸವಾಗಲ್ಲ, ಇಪ್ಪತ್ತನೆಯದರಲ್ಲಿ ನಾಲ್ಕು ದಾಟುತ್ತದೆ. ಮೇಲೆ ಹೋದಷ್ಟೂ ಜಾಗವೂ ಕಿರಿದು, ಕ್ಷಮೆಯೂ ಕಡಿಮೆ.

ಇದನ್ನು ಮಾಡುವವರಿಗೆ ಎರಡು ಮಾತು ಹೇಳಲೇಬೇಕು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಳೆಯುತ್ತ ಹೋಗಬೇಡಿ. ಪ್ರತಿಯೊಂದನ್ನೂ ತುದಿಯಿಂದಲೇ ಅಳೆಯಿರಿ, ಇಲ್ಲದಿದ್ದರೆ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋಗುತ್ತವೆ. ಮತ್ತೆ ಕ್ಯಾಡ್‌ನಲ್ಲಿ ಬರೆದ ಚಿತ್ರವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಮೊದಲು ಸ್ಕೇಲ್ ಇಟ್ಟು 324 ಇದೆಯಾ ನೋಡಿ. ಅಂಗಡಿಯವರು ಪುಟಕ್ಕೆ ಹೊಂದುವಂತೆ ಚಿಕ್ಕದು ಮಾಡುವುದೇ ಜಾಸ್ತಿ.

ಸೀಳು ಕೊರೆಯಲು ಬಡಗಿಯ ಗರಗಸ ದಪ್ಪವಾಯಿತು. ಫ್ರೆಟ್ ಪಟ್ಟಿಯ ಕಾಲು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದಕ್ಕೆಂದೇ ಇರುವ ವಿದೇಶಿ ಗರಗಸದ ಬೆಲೆ ಕೇಳಿ ಕೈಬಿಟ್ಟೆ. ಆಚಾರ್ರು ಒಂದು ಹ್ಯಾಕ್ಸಾ ಬ್ಲೇಡ್ ತೆಗೆದು, ಹಲ್ಲುಗಳು ಎಡಕ್ಕೂ ಬಲಕ್ಕೂ ಬಾಗಿರುವುದನ್ನು ತೋರಿಸಿ, ಎರಡೂ ಬದಿಯನ್ನು ಸಾಣೆಕಲ್ಲಿಗೆ ತಿಕ್ಕಿ ಸಪಾಟು ಮಾಡಿಕೊಟ್ಟರು. ಮೂವತ್ತು ರೂಪಾಯಿಯ ಬ್ಲೇಡು. 22 ಸೀಳನ್ನೂ ಅದರಲ್ಲೇ ಕೊರೆದೆ, ಎರಡು ಭಾನುವಾರ. ಬೀಟೆಯ ಧೂಳು ಕೆಲವರಿಗೆ ಚರ್ಮ, ಉಸಿರಾಟಕ್ಕೆ ಅಲರ್ಜಿ ಮಾಡುತ್ತದೆ. ಮಾಸ್ಕ್ ಇಲ್ಲದೆ ಕೂರಬೇಡಿ.

ಬೀಟೆಯ ಬಗ್ಗೆ ಇನ್ನೂ ಒಂದು ಮಾತು. ಜಗತ್ತಿನ ಎಷ್ಟೋ ಗಿಟಾರುಗಳ ಕತ್ತಿನ ಮೇಲಿನ ಕಪ್ಪು-ಕಂದು ಹಲಗೆ ನಮ್ಮ ದಕ್ಷಿಣ ಭಾರತದ ಬೀಟೆ. ‘ಇಂಡಿಯನ್ ರೋಸ್‌ವುಡ್’ ಅಂತ ಬರೆದಿರುತ್ತಾರೆ. 2017ರ ಜನವರಿಯಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಬಂದವು. ಗಡಿ ದಾಟುವ ಗಿಟಾರಿಗೂ ಕಾಗದಪತ್ರ ಬೇಕಾಯಿತು. ಫೆಂಡರ್ ಕಂಪನಿಯೇ ಮೆಕ್ಸಿಕೊದಲ್ಲಿ ಮಾಡುವ ಗಿಟಾರುಗಳಿಗೆ ಪಾವ್ ಫೆರೊ ಎಂಬ ಬೇರೆ ಮರ ಹಾಕತೊಡಗಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಮಲೆನಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಬೀಟೆಗೆ ಕೊಡಲಿ ಹಾಕುವಂತಿಲ್ಲ ಎಂಬುದು ಮಕ್ಕಳಿಗೂ ಗೊತ್ತು. ನಮ್ಮ ಹಿತ್ತಲಿನ ಮುರಿದ ಮಂಚ ಪ್ರಪಂಚದ ಗಿಟಾರ್ ವ್ಯಾಪಾರಕ್ಕೆ ಸಂಬಂಧಪಟ್ಟದ್ದು ಅಂತ ಆವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಕೂದಲಿನಂಥ ತಂತಿ, ಒಂದು ಕಿಲೋಮೀಟರ್

ನನ್ನ ಬ್ರಾಂಚಿನ ಕೆಲಸ ಅಂದರೆ ಪಿಕಪ್. ಆಚಾರ್ರ ಪ್ರಶ್ನೆಗೆ ಉತ್ತರವೂ ಅದೇ. ಆಯಸ್ಕಾಂತದ ಮೇಲೆ ಉಕ್ಕಿನ ತಂತಿ ಇದ್ದರೆ ತಂತಿಯೂ ಅಷ್ಟಿಷ್ಟು ಆಯಸ್ಕಾಂತವಾಗುತ್ತದೆ. ಅದು ಕಂಪಿಸಿದರೆ ಸುತ್ತಲಿನ ಕಾಂತಕ್ಷೇತ್ರವೂ ಅಲುಗುತ್ತದೆ. ಆ ಅಲುಗಾಟದ ಬಳಿ ತಾಮ್ರದ ಸುರುಳಿ ಇಟ್ಟರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡದ್ದು, ನಾವು ಹತ್ತು ಅಂಕಕ್ಕೆ ಬಾಯಿಪಾಠ ಮಾಡಿದ್ದು. ಒಂದು ಸುತ್ತಿಗೆ ಹುಟ್ಟುವುದು ಏನೇನೂ ಸಾಲದು, ಅದಕ್ಕೇ ಸಾವಿರಾರು ಸುತ್ತು ಬೇಕು. ಗಾಳಿ, ಟೊಳ್ಳು ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ.

ಸುರುಳಿಯ ಚೌಕಟ್ಟಿಗೆ ಹೈಲಮ್ ಶೀಟ್ ಕತ್ತರಿಸಿಕೊಂಡೆ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ತುಂಡು ಸಿಗುತ್ತದೆ. ನಡುವೆ ಆರು ಕಬ್ಬಿಣದ ಸ್ಕ್ರೂ, ಕೆಳಗೆ ಫೆರೈಟ್ ಆಯಸ್ಕಾಂತದ ಪಟ್ಟಿ. ತಾಮ್ರದ ತಂತಿಗೆ ಮೊದಲು ಹೋಗಿದ್ದು ಊರಿನ ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಗೆ. 0.063 ಮಿ.ಮೀ. ಅಂದೊಡನೆ ಅಂಗಡಿಯ ಅಣ್ಣ ನಕ್ಕರು. ‘ಅದು ತಂತಿಯಾ, ಕೂದಲಾ? ನಮ್ಮ ಮೋಟಾರಿಗೆ ಅದು ಬೆವರೂ ಒರೆಸಲ್ಲ.’ ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. ಪಾಟು, ಕೆಪಾಸಿಟರ್, ಜ್ಯಾಕ್ ಮಾತ್ರ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ. ಅಲ್ಲಿ ಒಂದು ಮಧ್ಯಾಹ್ನ ಅಲೆದರೆ ಸೆಮಿಸ್ಟರಿನ ಅರ್ಧ ಸಿಲಬಸ್ ಕಣ್ಣೆದುರು ಡಬ್ಬಿಗಳಲ್ಲಿ ಬಿದ್ದಿರುತ್ತದೆ.

ಎಂಟು ಸಾವಿರ ಸುತ್ತು ಕೈಯಲ್ಲಿ ಸುತ್ತಿದರೆ, ಸೆಕೆಂಡಿಗೊಂದರಂತೆ ಕಣ್ಣು ಮಿಟುಕಿಸದೆ ಕೂತರೂ ಎರಡು ಗಂಟೆ ದಾಟುತ್ತದೆ. ಅಮ್ಮನ ಹೊಲಿಗೆ ಯಂತ್ರದ ಮೋಟಾರ್ ಬಿಚ್ಚಿದೆ. ಪೆಡಲ್ ಒತ್ತಿದಷ್ಟು ವೇಗ, ಇದಕ್ಕಿಂತ ಒಳ್ಳೆಯ ಸ್ಪೀಡ್ ಕಂಟ್ರೋಲ್ ಎಲ್ಲಿ ಸಿಗಬೇಕು? (ರವಿಕೆ ತಡವಾಗಿದ್ದಕ್ಕೆ ಪಕ್ಕದ ಮನೆಯ ಅತ್ತೆ ಇನ್ನೂ ನನ್ನನ್ನು ಕೇಳುತ್ತಾರೆ.) ತಿರುಗುವ ದಂಡಕ್ಕೆ ಒಂದು ಚಿಕ್ಕ ಆಯಸ್ಕಾಂತ ಅಂಟಿಸಿ, ಎದುರಿಗೆ ಹಾಲ್ ಸೆನ್ಸರ್ ಇಟ್ಟು ಆರ್ಡುಯಿನೊದಲ್ಲಿ ಎಣಿಕೆ. ತಂತಿಯನ್ನು ಬೆರಳುಗಳ ನಡುವೆ ಮೃದುವಾಗಿ ಹಿಡಿದು ಎಡಕ್ಕೂ ಬಲಕ್ಕೂ ಒಯ್ಯುತ್ತಿರಬೇಕು. ಬಿಗಿಯಾದರೆ ತುಂಡಾಗುತ್ತದೆ, ಸಡಿಲವಾದರೆ ಸುರುಳಿ ಉಬ್ಬುತ್ತದೆ. ಮುಗಿದ ಮೇಲೆ ಮಲ್ಟಿಮೀಟರ್ ಇಟ್ಟರೆ 6.5 ಕಿಲೋ ಓಮ್. ಆ ತಂತಿಗೆ ಮೀಟರಿಗೆ ಸುಮಾರು 5.4 ಓಮ್ ರೋಧ. ಭಾಗಿಸಿ ನೋಡಿದರೆ ಬೆರಳುದ್ದದ ಆ ಡಬ್ಬಿಯೊಳಗೆ 1.2 ಕಿಲೋಮೀಟರ್ ತಂತಿ! ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗಿಂತ ದೂರ.

ಕಾಲೇಜಿಗೆ ಒಯ್ದು, ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಅನುಮತಿ ಕೇಳಿ, ಒಂದು ರೀಪು ಹಲಗೆಗೆ ಒಂದೇ ತಂತಿ ಕಟ್ಟಿ ಪಿಕಪ್ಪನ್ನು ಸಿಆರ್‌ಒಗೆ ಜೋಡಿಸಿದೆ. ಮೀಟಿದೆ. ಪರದೆ ಮೇಲೆ ಅಲೆ ಎದ್ದಿತು. ಬಿಗಿ ಮಾಡುತ್ತ ಹೋದ ಹಾಗೆ ಅಲೆಗಳು ಹತ್ತಿರ ಹತ್ತಿರ ಬಂದವು, 9.1 ಮಿಲಿಸೆಕೆಂಡಿಗೆ ಒಂದು ಅಲೆ ಬಂದಾಗ ನಿಲ್ಲಿಸಿದೆ. 110 ಹರ್ಟ್ಸ್, ಗಿಟಾರಿನ ಐದನೇ ತಂತಿ. ಎರಡೂವರೆ ವರ್ಷ ಅದೇ ಸಿಆರ್‌ಒದಲ್ಲಿ ಸಿಗ್ನಲ್ ಜನರೇಟರಿನ ಸೈನ್ ಅಲೆ ನೋಡಿ ರೆಕಾರ್ಡಿಗೆ ಗೀಚಿದ್ದೆವು. ನನ್ನ ಬೆರಳಿನಿಂದ ಎದ್ದು, ಮೆಲ್ಲಗೆ ಕುಗ್ಗಿ ಆರಿಹೋಗುವ ಅಲೆಯನ್ನು ನೋಡಿದ್ದು ಅದೇ ಮೊದಲು. ಸರ್ ತಾವೇ ನಾಲ್ಕು ಸಲ ಮೀಟಿದರು.

ಮೀಟದೆ ಬಿಟ್ಟಾಗಲೂ ಪರದೆ ಮೇಲೆ ಒಂದು ಅಲೆ ಉಳಿದಿತ್ತು, 20 ಮಿಲಿಸೆಕೆಂಡಿನದು. 50 ಹರ್ಟ್ಸ್, ಗೋಡೆಯೊಳಗಿನ ಕರೆಂಟು. ಸುರುಳಿ ಅಂದರೆ ಒಳ್ಳೆಯ ಆಂಟೆನಾ ಕೂಡ, ಮನೆಯ ವೈರಿಂಗಿನ ಗುಂಯ್‌ಗುಟ್ಟುವಿಕೆಯನ್ನೆಲ್ಲ ಹೀರುತ್ತದೆ. ಇದಕ್ಕೆ ಮದ್ದು ಕಂಡುಹಿಡಿದವನು ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್, 1955ರಲ್ಲಿ. ಎರಡು ಸುರುಳಿ, ಒಂದನ್ನು ಉಲ್ಟಾ ಸುತ್ತು, ಅದರ ಆಯಸ್ಕಾಂತವನ್ನೂ ಉಲ್ಟಾ ಇಡು. ತಂತಿಯ ಸಿಗ್ನಲ್ಲಿಗೆ ಎರಡು ಸಲ ಉಲ್ಟಾ ಆಗಿ ಮತ್ತೆ ಸೀದಾ, ಎರಡೂ ಕೂಡುತ್ತವೆ. ಹೊರಗಿನ ಗುಂಯ್‌ಗೆ ಆಯಸ್ಕಾಂತದ ಹಂಗಿಲ್ಲ, ಅದು ಒಂದೇ ಸಲ ಉಲ್ಟಾ, ಎರಡೂ ಕಳೆದುಹೋಗುತ್ತವೆ. ನನ್ನ ಎರಡನೇ ಪಿಕಪ್ಪನ್ನು ಹಾಗೇ ಸುತ್ತಿದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಗುಂಯ್ ಮಾಯ, ಒಂದನ್ನೇ ಹಾಕಿದರೆ ಇವತ್ತಿಗೂ ಇದೆ. ಈ ಉಪಾಯ ನನಗೆ ಇಡೀ ಎಲೆಕ್ಟ್ರಾನಿಕ್ಸ್‌ನಲ್ಲೇ ಅತಿ ಚೆಂದದ್ದು ಅನ್ನಿಸುತ್ತದೆ.

ಸಿಮೆಂಟ್ ಮೂಟೆಯ ಭಾರ

ಕತ್ತಿಗೆ ಸಾಗುವಾನಿ. ‘ಒಂದೇ ತುಂಡಲ್ಲಿ ಮಾಡ್ಬೇಡ. ಮೂರು ಸೀಳು ಮಾಡಿ ನಡುವಿನದ್ದು ತಿರುಗಿಸಿ ಅಂಟ್ಸು. ಒಂದು ಆಕಡೆ ಎಳೆದ್ರೆ ಇನ್ನೊಂದು ಈಕಡೆ ಎಳೀತದೆ’ ಅಂದರು ಆಚಾರ್ರು. ಸೆತ್ ಲವರನ ಉಪಾಯವೇ, ಮರದಲ್ಲಿ! ಸಾಗುವಾನಿ ಎಣ್ಣೆಯ ಮರ, ಅಂಟು ಹಿಡಿಯುವುದು ಕಷ್ಟ. ಅಂಟು ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಲ್ಲಿ ಒರೆಸಬೇಕು. ಕತ್ತಿನೊಳಗೆ ಉದ್ದಕ್ಕೆ ಒಂದು ಉಕ್ಕಿನ ಸರಳು, ಟ್ರಸ್ ರಾಡ್. ತುದಿಯಲ್ಲಿ ಆಲನ್ ಕೀ ಹಾಕಿ ತಿರುಗಿಸಿದರೆ ಕತ್ತು ಕೂದಲೆಳೆಯಷ್ಟು ಹಿಂದಕ್ಕೆ ಬಾಗುತ್ತದೆ.

ಇದು ಯಾಕೆ ಬೇಕು ಅಂದರೆ ತಂತಿಗಳ ಎಳೆತ. ಅತಿ ತೆಳುವಾದ ಮೊದಲನೇ ತಂತಿ, ಕಾಲು ಮಿಲಿಮೀಟರ್ ದಪ್ಪದ್ದು, ತನ್ನ ಶ್ರುತಿಗೆ ಬರಬೇಕಾದರೆ ಏಳು ಕೆ.ಜಿ.ಗೂ ಹೆಚ್ಚು ಎಳೆತ ಬೇಕು. ಆರೂ ಸೇರಿ ಸುಮಾರು 45 ಕೆ.ಜಿ. ಒಂದು ಸಿಮೆಂಟ್ ಮೂಟೆಗೆ ಐದು ಕಡಿಮೆ. ಆ ಭಾರ ಹಗಲೂ ರಾತ್ರಿ ಎರಡು ಸೆಂಟಿಮೀಟರ್ ದಪ್ಪದ ಮರದ ಮೇಲೆ.

ಮೊದಲ ಸಲ ತಂತಿ ಹಾಕಿದ್ದು ಎರಡು ದಿನದ ಕೆಲಸ. ಬಿರಡೆಗಳನ್ನು ಒಂದೊಂದಾಗಿ ಸ್ವಲ್ಪ ತಿರುಗಿಸುವುದು, ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು ಏಳನೇ ಮೆಟ್ಟಿಲ ಮೇಲೆ ಎಷ್ಟು ಸಂದು ಬಂತು ನೋಡುವುದು, ಬಿಡುವುದು. ಅಪ್ಪ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅರ್ಧ ಶ್ರುತಿಗೆ ಬಂದಾಗ ಕತ್ತು ಒಡಲು ಸೇರುವಲ್ಲಿ ‘ಟಕ್’ ಅಂತ ಸದ್ದಾಯಿತು. ಇಬ್ಬರೂ ಮಾತಾಡಲಿಲ್ಲ. ಟಾರ್ಚ್ ಹಾಕಿ ನೋಡಿದರೆ ಬಿರುಕಿಲ್ಲ. ಎಳೆತಕ್ಕೆ ಕತ್ತು ತನ್ನ ಗೂಡಿನಲ್ಲಿ ಗಟ್ಟಿಯಾಗಿ ಕೂತ ಸದ್ದು ಅದು. ಮರುದಿನ ಸಂಜೆ ಪೂರ್ತಿ ಶ್ರುತಿ. ಸಂದು 0.3 ಮಿ.ಮೀ. ಇರಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ. ಅಪ್ಪ ಗಿಟಾರನ್ನು ತೊಡೆ ಮೇಲಿಟ್ಟುಕೊಂಡು ಮೀಟಿ, ‘ಸದ್ದೇ ಇಲ್ವಲ್ಲೋ’ ಅಂದರು. ಕೀಲಿನ ಕಪ್ಪು ಕಲೆಯ ಮೇಲೆ ಬೆರಳಾಡಿಸಿ, ‘ಇದು ನಡುಮನೆ ಬಾಗ್ಲಿಂದು’ ಅಂದರು. ಆಮೇಲೆ ನಾನು ವೈರ್ ಚುಚ್ಚಿದೆ. 9 ವೋಲ್ಟ್ ಬ್ಯಾಟರಿ, ಒಂದು ಎಲ್‌ಎಂ386 ಐಸಿ, ಹಳೇ ಟಿವಿಯ ಸ್ಪೀಕರ್ - ಅಷ್ಟೇ ನನ್ನ ಆಂಪ್ಲಿಫೈಯರ್. ಅಮ್ಮ ಅಡುಗೆಮನೆಯಿಂದ ಹೊರಗೆ ಬಂದರು.

ಈಗ ದುಡ್ಡಿನ ವಿಷಯ. ಮರ ಬಿಟ್ಟು, ಬಿರಡೆ, ಬ್ರಿಜ್, ಟ್ರಸ್ ರಾಡ್, ಫ್ರೆಟ್ ಪಟ್ಟಿ, ಆಯಸ್ಕಾಂತ, ತಾಮ್ರ, ಪಾಟುಗಳು, ಗಿಟಾರ್ ತಂತಿ, ಪಾಲಿಶ್‌ಗೆ ಅರಗು-ಸ್ಪಿರಿಟ್ ಎಲ್ಲ ಸೇರಿ ನನಗೆ ಆರು ಸಾವಿರ ಚಿಲ್ಲರೆ ಆಯಿತು. ಆಚಾರ್ರು ತೆಗೆದುಕೊಂಡದ್ದು ಎರಡು ಬ್ಲೇಡಿನ ದುಡ್ಡು ಮಾತ್ರ. ಅಂಗಡಿಯಲ್ಲಿ ಇನ್ನೊಂದಿಷ್ಟು ಹಾಕಿದರೆ ಕಲಿಯುವವರ ಎಲೆಕ್ಟ್ರಿಕ್ ಗಿಟಾರ್ ಸಿಗುತ್ತದೆ, ಅದು ನನ್ನದಕ್ಕಿಂತ ನುಣುಪಾಗಿಯೂ ಇರುತ್ತದೆ. ನುಡಿಸುವುದೇ ಆಸೆಯಾದರೆ ಕೊಳ್ಳಿ, ಏಳು ತಿಂಗಳು ಉಳಿಯುತ್ತದೆ. ಮಾಡುವ ಆಸೆ ಇದ್ದು ಬಡಗಿಯ ನಂಟಿಲ್ಲದಿದ್ದರೆ ಸಿದ್ಧ ಕತ್ತು ತರಿಸಿ, ಒಡಲು ಮತ್ತು ಪಿಕಪ್ ಮಾತ್ರ ಮಾಡಿಕೊಳ್ಳಿ. ಫೆಂಡರನ ನಾಲ್ಕು ಸ್ಕ್ರೂ ಇರುವುದೇ ಅದಕ್ಕೆ.

‘ಪ್ಲೇಸ್‌ಮೆಂಟ್ ಹತ್ತಿರ ಬಂತು, ಆಪ್ಟಿಟ್ಯೂಡ್ ಪುಸ್ತಕ ಹಿಡಿಯೋದು ಬಿಟ್ಟು ಇದೇನೋ’ ಅಂತ ಹಾಸ್ಟೆಲಿನಲ್ಲಿ ಕೇಳದವರಿಲ್ಲ. ನ್ಯಾಯವಾದ ಪ್ರಶ್ನೆ. ಇದು ಕೆಲಸ ಕೊಡಿಸುತ್ತದೆ ಅಂತ ನಾನು ಯಾರಿಗೂ ಹೇಳಲಾರೆ. ರೆಸ್ಯೂಮ್‌ನಲ್ಲಿ ಒಂದೂವರೆ ಸಾಲು ಬಂತು, ಅಷ್ಟೇ. ಆದರೆ ಫೈನಲ್ ಇಯರ್ ಪ್ರಾಜೆಕ್ಟುಗಳು ರಿಪೋರ್ಟ್ ಸಮೇತ ರೆಡಿಮೇಡ್ ಸಿಗುವ ಕಾಲ ಇದು. ದುಡ್ಡು ಕೊಟ್ಟರೆ ವೈವಾದಲ್ಲಿ ಏನು ಹೇಳಬೇಕು ಅಂತಲೂ ಬರೆದುಕೊಡುತ್ತಾರೆ. ಅಂಥ ಪೆಟ್ಟಿಗೆಯೊಂದು ನಮ್ಮ ಸೀನಿಯರ್‌ಗಳ ಡೆಮೊದಲ್ಲಿ ಕೆಟ್ಟು ನಿಂತಾಗ ನಾಲ್ವರಲ್ಲಿ ಒಬ್ಬರಿಗೂ ಅದನ್ನು ಬಿಚ್ಚುವ ಧೈರ್ಯ ಬರಲಿಲ್ಲ. ಎಂಟು ಸೆಮಿಸ್ಟರ್ ಓದಿ ಒಂದು ಮುಚ್ಚಳ ತೆಗೆಯಲು ಹೆದರುವುದು ನನಗೆ ನಿರುದ್ಯೋಗಕ್ಕಿಂತ ದೊಡ್ಡ ಭಯ. ನನ್ನ ಗಿಟಾರ್ ಕೆಟ್ಟರೆ ಎಲ್ಲಿ ಬಿಚ್ಚಬೇಕು ಅಂತ ನನಗೆ ಗೊತ್ತು. ಸದ್ಯಕ್ಕೆ ಬೆಳಗ್ಗೆ ಆಪ್ಟಿಟ್ಯೂಡ್, ರಾತ್ರಿ ಊಟದ ಮೇಲೆ ಅರ್ಧ ಗಂಟೆ ಗಿಟಾರ್. ಇನ್ನೂ ನಾಲ್ಕೇ ಕಾರ್ಡ್ ಬರುತ್ತವೆ.

ಜೂನ್‌ನಲ್ಲಿ ಊರಿಗೆ ಒಯ್ದಿದ್ದೆ. ಮಲೆನಾಡಿನ ಮಳೆಗೆ ಬಾಗಿಲುಗಳೇ ಉಬ್ಬಿ ಚಿಲಕ ಬೀಳುವುದಿಲ್ಲ, ಇನ್ನು ಗಿಟಾರಿನ ಕತ್ತು ಸುಮ್ಮನಿರುತ್ತದೆಯೇ? ಮೂರೇ ದಿನಕ್ಕೆ ಸಂದು 0.5 ಮಿ.ಮೀ. ಆಯಿತು, ತಂತಿಗಳು ಮೇಲೆದ್ದವು. ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ ರಾತ್ರಿ ಬಿಟ್ಟೆ, ಬೆಳಗ್ಗೆ 0.3ಕ್ಕೆ ಬಂತು. ಆಚಾರ್ರು ನೋಡಲು ಬಂದವರು ಆ ಕೀಯನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಬಾಗಿಲಿಗೂ ಇಂಥದ್ದೊಂದು ಇಡ್ಬಹುದಿತ್ತಲ್ಲ’ ಅಂದರು. ಮಳೆಗಾಲ ಮುಗಿಯುವವರೆಗೂ ಕೀ ನನ್ನ ಜೇಬಿನಲ್ಲೇ ಇರುತ್ತದೆ.